ರಕ್ಷಣಾ ನೀತಿ ಹಾಗೂ ಸೇನಾ ಅನುದಾನದ ವಿಳಂಬ ನಿವಾರಿಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ, ನವದೆಹಲಿ.

(ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ, ಇವರ ಮುಖಾಂತರ)

ಮಾನ್ಯರೇ,

ಮದಕರಿಪುರದ ಹಾಗೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನಿವೃತ್ತ ಸೈನಿಕರು, ಗಡಿ ಕಾಯಲು ಮಕ್ಕಳನ್ನು ಕಳಿಸಿರುವ ತಂದೆತಾಯಿಗಳು ಮತ್ತು ರೈತರು ಒಟ್ಟಾಗಿ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ.

ದೇಶದ ರಕ್ಷಣೆಗೆ ನಮ್ಮ ಜಿಲ್ಲೆ ಜನರನ್ನಷ್ಟೇ ಅಲ್ಲ, ನೆಲವನ್ನೂ ಕೊಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒಗೆ ಹೋದದ್ದು 4,290 ಎಕರೆ. ಅದು ಅಮೃತಮಹಲ್ ಕಾವಲು; ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲು. ಮೇವು ಹೋಯಿತೆಂದು ದನಿ ಎತ್ತಿದವರ ಸಂಕಟ ನಿಜವಾದದ್ದು. ಅಷ್ಟು ಬೆಲೆ ತೆತ್ತ ನೆಲದಲ್ಲಿ ಕೆಲಸ ಕಾಲಕ್ಕೆ ಸರಿಯಾಗಿ ಆಗಲಿ ಎಂದು ಕೇಳುವ ಹಕ್ಕು ನಮಗಿದೆ ಎಂದು ನಂಬಿದ್ದೇವೆ.

ಆದದ್ದೇನು? ಮುಂದೆ ‘ತಪಸ್’ ಎಂದು ಹೆಸರಾದ ರುಸ್ತುಂ-2 ಚಾಲಕರಹಿತ ವಿಮಾನದ ಯೋಜನೆಗೆ 2011ರ ಫೆಬ್ರವರಿಯಲ್ಲಿ ಸುಮಾರು ₹1,540 ಕೋಟಿ ಮಂಜೂರಾಯಿತು. 2016ರ ಆಗಸ್ಟ್‌ಗೆ ಅದು ಮುಗಿಯಬೇಕಿತ್ತು. ಅದರ ಮೊದಲ ಹಾರಾಟವೇ ನಡೆದದ್ದು ಆ ಗಡುವು ದಾಟಿ, 2016ರ ನವೆಂಬರ್‌ನಲ್ಲಿ. ಅದನ್ನು ಹಾರಿಸಿ ನೋಡಬೇಕಿದ್ದ, ಇದೇ ವರವು ಕಾವಲಿನ ಪರೀಕ್ಷಾ ವಲಯದ ಉದ್ಘಾಟನೆ ಆದದ್ದು 2017ರ ಮೇ 28ರಂದು. ಶೇಂಗಾ ಬಿತ್ತುವ ಹದ ಕಳೆದ ಮೇಲೆ ಹೊಲ ಹಸನು ಮಾಡಿದರೆ ಏನಾಗುತ್ತದೆಂದು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಈ ವಿಮಾನಗಳು ಹೊಲಕ್ಕೆ ಬಿದ್ದವು. ಪ್ರಯೋಗದಲ್ಲಿ ಬೀಳುವುದು ತಪ್ಪಲ್ಲ. ವಿಜ್ಞಾನಿಗಳ ಶ್ರಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಸೇನೆ ಕೇಳಿದ್ದ 30,000 ಅಡಿ ಎತ್ತರ, 24 ಗಂಟೆ ಹಾರಾಟ ಕೈಗೂಡುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಡ್ರೋನ್ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ಒಂದೇ ದರ್ಜೆಯ ವಿಮಾನಗಳಲ್ಲವೆಂದು ಬಲ್ಲೆವು. ಹಾಗಿದ್ದರೂ ನಮ್ಮಲ್ಲಿ ಕಳೆದುಹೋದ ವರ್ಷಗಳಿಗೆ ಹೊರಗೆ ಹಣ ತೆರಬೇಕಾಗುತ್ತದೆ ಎಂಬುದು ಸುಳ್ಳಾಗುವುದಿಲ್ಲ.

ಈ ವಿಳಂಬದ ಬೇರು ವರವು ಕಾವಲಿನಲ್ಲಿಲ್ಲ, ದೆಹಲಿಯಲ್ಲಿದೆ. ಕಾರ್ಗಿಲ್ ಯುದ್ಧದ ನಂತರ ಮಂತ್ರಿಗಳ ಗುಂಪು 2001ರಲ್ಲೇ ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರು ಬೇಕೆಂದಿತು. ಆ ಹುದ್ದೆಯಲ್ಲಿ ಜನರಲ್ ಬಿಪಿನ್ ರಾವತ್ ಕುಳಿತದ್ದು 2020ರ ಜನವರಿ 1ರಂದು. ರಾಷ್ಟ್ರೀಯ ಭದ್ರತಾ ಕಾರ್ಯತಂತ್ರದ ಕರಡು ಸಿದ್ಧಪಡಿಸುವುದೂ ತನ್ನ ಹೊಣೆಯಾಗಿದ್ದ ರಕ್ಷಣಾ ಯೋಜನಾ ಸಮಿತಿ 2018ರ ಏಪ್ರಿಲ್‌ನಲ್ಲಿ ರಚನೆಯಾಯಿತು; ಅಂಥ ದಾಖಲೆ ಇಂದಿಗೂ ಜನರ ಮುಂದೆ ಬಂದಿಲ್ಲ. ಯಾವ ಅಪಾಯಕ್ಕೆ ಯಾವ ಆಯುಧ, ಎಷ್ಟು ವರ್ಷದೊಳಗೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಪ್ರತಿ ಬಜೆಟ್ಟೂ ಹೊಸದಾಗಿ ಚೌಕಾಸಿಗೆ ಕೂರುತ್ತದೆ.

ಹಣದ ಕಥೆಯೂ ಹೀಗೆಯೇ. 2024–25ರಲ್ಲಿ ರಕ್ಷಣಾ ಬಂಡವಾಳ ವೆಚ್ಚಕ್ಕೆ ಇಟ್ಟ ₹1,72,000 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ₹1,59,500 ಕೋಟಿಗೆ ಇಳಿಯಿತು. ಹಣ ಸಾಲದೆಂಬ ಕೂಗು ಒಂದು ಕಡೆ, ಖರೀದಿ ಕಡತ ಮುಗಿಯದೆ ಹಣ ಉಳಿಯುವುದು ಇನ್ನೊಂದು ಕಡೆ. ಮಾರ್ಚ್ 31 ದಾಟಿದರೆ ಉಳಿದದ್ದು ರದ್ದು. ಇದಕ್ಕೆಂದೇ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ₹2,38,354 ಕೋಟಿಯ, ವರ್ಷಾಂತ್ಯಕ್ಕೆ ರದ್ದಾಗದ ಆಧುನೀಕರಣ ನಿಧಿಯನ್ನು ಸೂಚಿಸಿತ್ತು. ಸರ್ಕಾರ ತಾತ್ವಿಕವಾಗಿ ಒಪ್ಪಿತು. ನಿಧಿ ಮಾತ್ರ ಸ್ಥಾಪನೆಯಾಗಲಿಲ್ಲ.

ನಮ್ಮ ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳು, ಎಣ್ಣೆಕೊಳ, ಕಣಜಗಳು ಇಂದಿಗೂ ಇವೆ. ಹೈದರಾಲಿಯ ದಂಡು ಬಂದು ಕೆಳಗೆ ಬೀಡುಬಿಟ್ಟ ಮೇಲೆ ಅವನ್ನು ಕಡೆದದ್ದಲ್ಲ.

ಆದ್ದರಿಂದ, ರಾಷ್ಟ್ರೀಯ ಭದ್ರತಾ ಕಾರ್ಯತಂತ್ರವನ್ನು ಒಂದು ವರ್ಷದೊಳಗೆ ಸಂಸತ್ತಿನ ಮುಂದಿಡುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಗೋಪ್ಯವಾದದ್ದು ಗೋಪ್ಯವಾಗಿಯೇ ಇರಲಿ, ಉಳಿದದ್ದು ಕನ್ನಡದಲ್ಲೂ ಸಿಗಲಿ. ರದ್ದಾಗದ ಆಧುನೀಕರಣ ನಿಧಿಯನ್ನು ಬರುವ ಬಜೆಟ್ಟಿನಲ್ಲೇ ಸ್ಥಾಪಿಸಬೇಕು. ಯಾವ ಯೋಜನೆಗೇ ಆಗಲಿ ಹಣ ಮಂಜೂರು ಮಾಡುವಾಗಲೇ ಅದರ ಪರೀಕ್ಷಾ ವ್ಯವಸ್ಥೆಗೂ ಮಂಜೂರಾತಿ ನೀಡಿ, ಸೇನೆಯ ಬೇಡಿಕೆಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಗಡುವು ತಪ್ಪಿದರೆ ಯಾವ ಹಂತದಲ್ಲಿ, ಏಕೆ ತಪ್ಪಿತೆಂದು ಆರು ತಿಂಗಳಿಗೊಮ್ಮೆ ತಮ್ಮ ಸಮಿತಿಗೆ ವರದಿ ಬರಬೇಕು.

ತಮ್ಮ ಮುಂದಿನ ಅಧ್ಯಯನ ಪ್ರವಾಸದಲ್ಲಿ ವರವು ಕಾವಲಿಗೆ ಭೇಟಿ ಕೊಟ್ಟು, ಚಿತ್ರದುರ್ಗದಲ್ಲಿ ಒಂದು ದಿನ ನಮ್ಮ ಅಹವಾಲು ಆಲಿಸಬೇಕೆಂದು ವಿನಂತಿಸುತ್ತೇವೆ. ಸೇವಾ ದಾಖಲೆಗಳೊಂದಿಗೆ ಹಾಜರಾಗಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮದಕರಿಪುರ ಮತ್ತು ಸುತ್ತಲಿನ ಗ್ರಾಮಗಳ ನಿವೃತ್ತ ಸೈನಿಕರು ಹಾಗೂ ನಾಗರಿಕರು

ಸ್ಥಳ: ಮದಕರಿಪುರ