ವೇಗದ ಹುಚ್ಚು, ಮೆಮೊರಿಯ ಮುನಿಸು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರು ಇರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ದೃಶ್ಯ ನಡೆಯುತ್ತದೆ. ರಾತ್ರಿ ಹನ್ನೊಂದು ಗಂಟೆ. ಪೆಟ್ಟಿಗೆಯೊಳಗೆ ಫ್ಯಾನುಗಳು ಗಿರಗಿರನೆ ತಿರುಗುತ್ತಿವೆ, ಕೀಲಿಮಣೆಯ ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. "ಏನೋ ಮಾಡ್ದೆ?" ಎಂದು ಅಪ್ಪ. "ಏನೂ ಇಲ್ಲಪ್ಪಾ, ಸ್ವಲ್ಪ ಸ್ಪೀಡ್ ಜಾಸ್ತಿ ಮಾಡ್ದೆ ಅಷ್ಟೆ" ಎಂದು ಮಗ. ಬೆಳಗಾದರೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ವರದಿ ಇರುವುದು ಆ ಪೆಟ್ಟಿಗೆಯಲ್ಲೇ.

ಈ 'ಸ್ಪೀಡ್ ಜಾಸ್ತಿ' ಮಾಡುವ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ತಯಾರಕರು ಗೊತ್ತುಮಾಡಿದ ಮಿಡಿತಕ್ಕಿಂತ ಹೆಚ್ಚಿನ ಮಿಡಿತದಲ್ಲಿ ಪ್ರೊಸೆಸರನ್ನೋ ಮೆಮೊರಿಯನ್ನೋ ಓಡಿಸುವುದು. ಹುಡುಗರು ಇದನ್ನು ಕಲಿತದ್ದು ಇಂದು ನಿನ್ನೆಯಲ್ಲ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ತಂದಿತು. ಮದರ್‌ಬೋರ್ಡಿನ ಬಸ್ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು 300. ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು 450ರಲ್ಲಿ ಓಡುತ್ತಿತ್ತು. ಹೆಚ್ಚು ಬೆಲೆಯ ಯಂತ್ರದ ಕೆಲಸವನ್ನು ಅಗ್ಗದ ಚಿಪ್ಪು ಮಾಡಿತೆಂದು ಲೋಕದ ಹವ್ಯಾಸಿಗಳೆಲ್ಲ ಕುಣಿದಾಡಿದರು.

ಆದರೆ ಎಲ್ಲರ ಅದೃಷ್ಟವೂ ಒಂದೇ ಆಗಿರಲಿಲ್ಲ. 100 ಬೇಡ, ಹುಷಾರಾಗಿ 75 ಅಥವಾ 83ರಲ್ಲಿ ನಿಲ್ಲಿಸೋಣ ಎಂದುಕೊಂಡ ಜಾಗರೂಕರಲ್ಲಿ ಕೆಲವರೇ ಹೆಚ್ಚು ಪೆಟ್ಟು ತಿಂದರು. ಹಾರ್ಡ್ ಡಿಸ್ಕ್ ಮುಂತಾದವುಗಳನ್ನು ನೋಡಿಕೊಳ್ಳುವ ಪಿಸಿಐ ಬಸ್ಸಿನ ಸಹಜ ವೇಗ 33 ಮೆಗಾಹರ್ಟ್ಸ್. 66ರಲ್ಲಿ ಅದು ಬಸ್ಸಿನ ಅರ್ಧ. 83ಕ್ಕೆ ಏರಿಸಿದಾಗಲೂ ಅರ್ಧವೇ ಉಳಿಯುತ್ತಿದ್ದುದರಿಂದ ಪಿಸಿಐ 41ಕ್ಕೂ ಮೇಲೆ ಹೋಗಿ ಡಿಸ್ಕಿನ ಕಡತಗಳು ಕೆಡುತ್ತಿದ್ದವು. 100ರಲ್ಲಿ ಬೋರ್ಡು ಮೂರನೇ ಒಂದು ಭಾಗಕ್ಕೆ ಬದಲಾಗುತ್ತಿತ್ತು, ಪಿಸಿಐ ಮತ್ತೆ 33ಕ್ಕೆ ಬರುತ್ತಿತ್ತು. ಅಲ್ಲಿ ತೊಂದರೆ ಬೇರೆ: 66ಕ್ಕೆಂದು ಮಾಡಿದ ಹಳೆಯ ರ‍್ಯಾಮ್ 100ರ ಓಟಕ್ಕೆ ಏದುಸಿರು ಬಿಡುತ್ತಿತ್ತು. ಏರಿಸಿದ್ದು ಪ್ರೊಸೆಸರಿನ ವೇಗ, ಕೆಟ್ಟದ್ದು ಮೆಮೊರಿಯ ಅಥವಾ ಡಿಸ್ಕಿನ ನಡತೆ. ಬೋರ್ಡಿನ ಮೇಲೆ ಒಬ್ಬರ ಕೈ ಇನ್ನೊಬ್ಬರ ಜೇಬಿನಲ್ಲಿ ಇರುವುದು ಹೀಗೆ.

ಇಂದಿನ ಬೋರ್ಡುಗಳಲ್ಲಿ ಪಿಸಿಐ ಗೋಜು ಹೆಚ್ಚಾಗಿ ಇಲ್ಲ. ಗೋಜಿರುವುದು ಮೆಮೊರಿಯದು. ಡಿಡಿಆರ್4 ರ‍್ಯಾಮ್ ಕೊಂಡಾಗ ಡಬ್ಬದ ಮೇಲೆ 3600 ಎಂದಿರುತ್ತದೆ. ಹಾಕಿ ಆನ್ ಮಾಡಿದರೆ ಅದು ಸಾಮಾನ್ಯವಾಗಿ 2133 ಅಥವಾ 2400ರಲ್ಲಿ ಓಡುತ್ತದೆ. ಡಬ್ಬದ ಮೇಲಿನ ವೇಗ ಬೇಕಾದರೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಒತ್ತಬೇಕು. ಬಹಳ ಮಂದಿ ಇದನ್ನು ಓವರ್‌ಕ್ಲಾಕಿಂಗ್ ಎಂದೇ ತಿಳಿಯುವುದಿಲ್ಲ, ಆದರೆ ಅದು ಅದೇ. ಆ ಒಂದು ಗುಂಡಿ ವೇಗವನ್ನು ಏರಿಸುವುದಲ್ಲದೆ ವೋಲ್ಟೇಜನ್ನೂ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರಿಸುತ್ತದೆ. (ಕೆಲವು ಸಾಫ್ಟ್‌ವೇರುಗಳು 3600ರ ರ‍್ಯಾಮನ್ನು 1800 ಎಂದು ತೋರಿಸುತ್ತವೆ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಕಿಲ್ಲ. ಒಂದು ಮಿಡಿತಕ್ಕೆ ಎರಡು ಸಲ ಮಾಹಿತಿ ಸಾಗುತ್ತದೆ, ಲೆಕ್ಕ ಸರಿಯಾಗಿಯೇ ಇದೆ.)

ಮೆಮೊರಿಯೇ ಮೊದಲು ಮುನಿಯುವುದೇಕೆ? ರ‍್ಯಾಮ್‌ನ ಒಂದೊಂದು ಬಿಟ್ಟೂ ಒಂದು ಪುಟ್ಟ ಸೋರುವ ಕೊಡ. ಅದರಲ್ಲಿ ತುಂಬಿದ ವಿದ್ಯುತ್ತು ಸೋರಿಹೋಗುವ ಮೊದಲು, ಅಂದರೆ 64 ಮಿಲಿಸೆಕೆಂಡಿನೊಳಗೆ, ಮತ್ತೆ ತುಂಬಬೇಕು. ಸೆಕೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಹಟ ಹಿಡಿಯುವ ಯಂತ್ರ ಮಡಿಕೇರಿಯ ಮಳೆಗಾಲದಲ್ಲಿ ತೆಪ್ಪಗಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, 3600ರ ವೇಗದಲ್ಲಿ ಒಂದು ಬಿಟ್ಟನ್ನು ದಾಟಿಸಲು ಸಿಗುವ ಸಮಯದಲ್ಲಿ ಬೆಳಕು ಕೂಡ ಎಂಟು ಸೆಂಟಿಮೀಟರಿನಷ್ಟು ಮಾತ್ರ ಸಾಗೀತು. ಈ ಅವಸರದಲ್ಲಿ ಪಟ್ಟಿಗಳ ಸಂಖ್ಯೆ ಹೆಚ್ಚಿದಷ್ಟೂ ಸಂಕೇತ ಕಲಸುತ್ತದೆ. ಎಎಂಡಿಯವರ ರೈಜೆನ್ 7000 ಸರಣಿಯಲ್ಲಿ ಎರಡು ಡಿಡಿಆರ್5 ಪಟ್ಟಿಗಳಿಗೆ ಕಂಪನಿಯೇ ಒಪ್ಪಿದ ವೇಗ 5200, ನಾಲ್ಕು ಪಟ್ಟಿ ಹಾಕಿದರೆ ಬರೀ 3600. ಇರುವ ಎರಡರ ಜೊತೆಗೆ ಇನ್ನೆರಡು ಸೇರಿಸಿ ಡಬ್ಬದ ವೇಗವೂ ಬೇಕು ಎನ್ನುವವರು ಇದನ್ನು ಗಮನಿಸಬೇಕು.

ಈಗ ಆ ಕಪ್ಪು ಪರದೆಗೆ ಬರೋಣ. ಮೊದಲ ಕೆಲಸ ಕಾಯುವುದು. ಹೊಸ ಡಿಡಿಆರ್5 ಯಂತ್ರಗಳು ಮೊದಲ ಸಲ, ಅಥವಾ ಬಯಾಸ್ ಬದಲಿಸಿದ ಮೇಲೆ, ಮೆಮೊರಿಯನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ಕಪ್ಪಾಗಿಯೇ ಕೂರುತ್ತವೆ. ಗಾಬರಿಯಿಂದ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ಹದಿನೈದು ನಿಮಿಷವಾದರೂ ಬದಲಾವಣೆಯಿಲ್ಲವೆಂದರೆ ಬೋರ್ಡಿನ ಅಂಚಿನಲ್ಲಿ ಸಣ್ಣ ದೀಪಗಳಿವೆಯೇ ನೋಡಬೇಕು. 'ಡಿರ‍್ಯಾಮ್' ಎಂಬುದರ ಪಕ್ಕದ ದೀಪ ಉರಿಯುತ್ತಿದ್ದರೆ ದೂರು ಮೆಮೊರಿಯ ಮೇಲೆ.

ಮದರ್‌ಬೋರ್ಡು ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಬಯಾಸ್ ಅನ್ನು ಮೂಲಸ್ಥಿತಿಗೆ ತರಬೇಕು. ಗೋಡೆಯ ಸ್ವಿಚ್ ಆರಿಸಿ, ತಂತಿ ಕಿತ್ತು, ಬೋರ್ಡಿನ ಕೈಪಿಡಿಯಲ್ಲಿ ತೋರಿಸಿದ ಎರಡು ಸಿಮಾಸ್ ಪಿನ್ನುಗಳನ್ನು ಕೆಲವು ಸೆಕೆಂಡು ಕೂಡಿಸಿದರೆ ಸಾಕು. ಪಿನ್ನು ಸಿಗದಿದ್ದರೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಬಹುದು. ವಿಂಡೋಸ್ 11ರಲ್ಲಿ ಬಿಟ್‌ಲಾಕರ್ ಬೀಗ ಹಾಕಿದ್ದರೆ ಇದಾದ ಮೇಲೆ ಅದು ರಿಕವರಿ ಕೀ ಕೇಳೀತು. ಅದನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿಟ್ಟವರು ಬಚಾವು. ಆಗಲೂ ಏಳದಿದ್ದರೆ ಒಂದೇ ಪಟ್ಟಿ ಇಟ್ಟು ನೋಡಬೇಕು. ನಾಲ್ಕು ಸ್ಲಾಟ್ ಇರುವ ಬಹುತೇಕ ಬೋರ್ಡುಗಳಲ್ಲಿ ಅದಕ್ಕೆ ಸರಿಯಾದ ಜಾಗ ಪ್ರೊಸೆಸರಿನಿಂದ ಎರಡನೆಯದು, ಮೊದಲನೆಯದಲ್ಲ. ಎಷ್ಟೋ ಸಲ ಪಟ್ಟಿ ಪೂರ್ತಿ ಕೂತಿರುವುದೇ ಇಲ್ಲ. ಟಕ್ ಎಂದು ಶಬ್ದ ಬರುವಂತೆ ಒತ್ತಿದರೆ ಅರ್ಧ ರೋಗ ವಾಸಿ.

ಇಷ್ಟೆಲ್ಲ ಕಣ್ಣಿಗೆ ಕಾಣುವ ಕಾಯಿಲೆ. ಹೆದರಬೇಕಾದದ್ದು ಕಾಣದ ಕಾಯಿಲೆಗೆ. ಯಂತ್ರ ಆನ್ ಆಗುತ್ತದೆ, ಆಟ ಓಡುತ್ತದೆ, ಎಲ್ಲವೂ ಸರಿ ಎನಿಸುತ್ತದೆ. ಆದರೆ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಒಂದು ಬಿಟ್ಟು ತಲೆಕೆಳಗಾಗುತ್ತದೆ. ಕಂಪ್ಯೂಟರಿನೊಳಗೆ 72 ಎಂದರೆ 64 ಮತ್ತು 8ರ ಮೊತ್ತ. 64ರ ಬಿಟ್ಟು ಒಂದು ಹೋಗಿ ಸೊನ್ನೆಯಾದರೆ ಉಳಿಯುವುದು 8. ಅಂಕಪಟ್ಟಿಯ 72 ಅಂಕ 8 ಆದದ್ದನ್ನು ಯಾರೂ ಕೂಗಿ ಹೇಳುವುದಿಲ್ಲ. ಸರ್ವರುಗಳ ಮೆಮೊರಿಯಲ್ಲಿ ಇಂಥ ತಪ್ಪು ಹಿಡಿಯುವ ಏರ್ಪಾಟು ಇರುತ್ತದೆ, ಮನೆಯ ಸಾಧಾರಣ ಯಂತ್ರದಲ್ಲಿ ಇರುವುದಿಲ್ಲ. ಡಿಡಿಆರ್5 ಚಿಪ್ಪುಗಳು ತಮ್ಮೊಳಗಿನ ತಪ್ಪನ್ನು ತಾವೇ ತಿದ್ದಿಕೊಂಡರೂ, ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಆದ ತಪ್ಪಿಗೆ ಆ ರಕ್ಷಣೆ ಇಲ್ಲ. ಜಿಪ್ ಕಡತ ಬಿಚ್ಚುವಾಗ 'ಸಿಆರ್‌ಸಿ' ದೋಷ, ಅಕಾರಣವಾಗಿ ಮುಚ್ಚಿಕೊಳ್ಳುವ ಬ್ರೌಸರು, ಒಮ್ಮೊಮ್ಮೆ ನೀಲಿ ಪರದೆ, ಇವೆಲ್ಲ ಅದರ ಗುಟ್ಟಿನ ಗುರುತುಗಳು. ವಿಂಡೋಸನ್ನು ಮತ್ತೆ ಮತ್ತೆ ಅಳಿಸಿ ಹಾಕುವವರು ಒಮ್ಮೆ ಮೆಮೊರಿಯನ್ನು ಅನುಮಾನಿಸಬೇಕು.

ಪರೀಕ್ಷೆಗೆ ಕಾಸು ಬೇಕಿಲ್ಲ. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86 ಇಂದಿಗೂ ಬೆಳೆಯುತ್ತಿದೆ. ಪೆನ್‌ಡ್ರೈವಿಗೆ ತುಂಬಿ ಅದರಿಂದಲೇ ಯಂತ್ರ ಶುರುಮಾಡಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಒಂದೇ ಒಂದು ದೋಷ ಬಂದರೂ ಅದು ದೋಷವೇ, 'ಒಂದು ತಾನೆ' ಎನ್ನುವಂತಿಲ್ಲ. ಹಾಗೆಯೇ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಲೆಂದು ಹುಟ್ಟಿದ ಪ್ರೈಮ್95 ಎಂಬ ತಂತ್ರಾಂಶ ಉತ್ತರ ಗೊತ್ತಿರುವ ಲೆಕ್ಕಗಳನ್ನೇ ಪ್ರೊಸೆಸರಿಗೆ ಕೊಟ್ಟು ತಪ್ಪಿದಲ್ಲಿ ನಿಲ್ಲುತ್ತದೆ. ಪರೀಕ್ಷೆ ನಡೆಸುವ ಮುನ್ನ ಪ್ರಾಜೆಕ್ಟ್ ಕಡತಗಳನ್ನು ಬೇರೆ ಕಡೆ ಇಡಬೇಕೆಂದು ಹೇಳಬೇಕಾದುದೇನಿಲ್ಲ, ಆದರೂ ಮರೆಯುವವರೇ ಹೆಚ್ಚು.

ದೋಷ ಕಂಡರೆ ಹುಡುಗರು ಮೊದಲು ಮಾಡುವುದು ವೋಲ್ಟೇಜ್ ಏರಿಸುವುದು. ಅದು ಕೊನೆಯ ಮದ್ದಾಗಬೇಕು. 3600ರಲ್ಲಿ ತಪ್ಪು ಬಂದರೆ 3400, ಆಮೇಲೆ 3200. ಪ್ರತಿ ಸಲ ಒಂದನ್ನೇ ಬದಲಿಸಿ, ಬರೆದಿಟ್ಟು, ಮತ್ತೆ ಪರೀಕ್ಷೆ. 3600ರಲ್ಲಿ ತಪ್ಪಿ 3200ರಲ್ಲಿ ರಾತ್ರಿಯಿಡೀ ಒಂದೂ ತಪ್ಪದ ರ‍್ಯಾಮ್ ಕೆಟ್ಟದ್ದಲ್ಲ. ಮೆಮೊರಿಯನ್ನು ನಿಯಂತ್ರಿಸುವ ಭಾಗ ಹಿಂದೆ ಬೋರ್ಡಿನ ಮೇಲಿತ್ತು, ಇಂದಿನ ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ಅದು ಪ್ರೊಸೆಸರಿನೊಳಗೇ ಇದೆ, ಮಿತಿ ಅದರದ್ದೂ ಇರಬಹುದು. ಅಂಗಡಿಯವರು ಬೋರ್ಡು ಬದಲಿಸಿ ಎಂದೊಡನೆ ಅಪ್ಪಂದಿರು ಹಣ ಎಣಿಸಬೇಕಿಲ್ಲ.

ಎಕ್ಸ್‌ಎಂಪಿ ಆರಿಸಿ, ಮೂಲವೇಗದಲ್ಲೇ ಒಂದೊಂದು ಪಟ್ಟಿಯನ್ನು ಬೇರೆ ಬೇರೆಯಾಗಿ ಒಂದೇ ಸ್ಲಾಟಿನಲ್ಲಿ ಪರೀಕ್ಷಿಸಿದಾಗಲೂ ಅದೇ ಪಟ್ಟಿ ತಪ್ಪು ತೋರಿಸಿದರೆ ಆಗ ಮಾತು ಬೇರೆ. ಹೆಸರಾಂತ ರ‍್ಯಾಮ್ ಕಂಪನಿಗಳಲ್ಲಿ ಹಲವು ತಮ್ಮ ಪಟ್ಟಿಗಳಿಗೆ ದೀರ್ಘ ಕಾಲದ ವಾರಂಟಿ ಕೊಡುತ್ತವೆ. ಪರೀಕ್ಷೆಯ ಕೆಂಪು ಸಾಲುಗಳ ಫೋಟೋ ತೆಗೆದು, ಕಪಾಟಿನಲ್ಲಿ ಅಮ್ಮ ಜೋಪಾನವಾಗಿಟ್ಟ ಬಿಲ್ಲನ್ನು ಹುಡುಕಿಕೊಂಡು ಅಂಗಡಿಗೆ ಹೊರಡಬಹುದು.