ಕಡತ ಮರೆತದ್ದು, ಸಿನಿಮಾ ನೆನಪಿಟ್ಟದ್ದು

ಸಿನಿಮಾ ಟಿಕೆಟ್ಟಿನ ಗರಿಷ್ಠ ದರವನ್ನು 200 ರೂಪಾಯಿಗೆ ಮಿತಿಗೊಳಿಸಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಮಲ್ಟಿಪ್ಲೆಕ್ಸ್ ಮಾಲೀಕರ ವ್ಯಾಪಾರ ಸ್ವಾತಂತ್ರ್ಯ, ಪ್ರೇಕ್ಷಕನ ಜೇಬು, ಕನ್ನಡ ಚಿತ್ರರಂಗದ ಅಳಿವು ಉಳಿವು ಎಲ್ಲವೂ ಆಗ ಚರ್ಚೆಗೆ ಬಂದವು. ಯಾರೂ ಕೇಳದ ಒಂದು ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಜಗಳೂರಿನಲ್ಲೋ ನ್ಯಾಮತಿಯಲ್ಲೋ ಓದುತ್ತಿರುವ ಒಬ್ಬ ವಿದ್ಯಾರ್ಥಿಗೆ, ತನ್ನ ಊರಿನಂಥ ಊರುಗಳ ಬದುಕನ್ನೇ ಕುರಿತು ಕನ್ನಡದಲ್ಲಿ ಬಂದಿರುವ ಶ್ರೇಷ್ಠ ಚಿತ್ರಗಳನ್ನು ಹತ್ತಾರು ಜನರ ನಡುವೆ ಕುಳಿತು ದೊಡ್ಡ ಪರದೆಯ ಮೇಲೆ ನೋಡುವ ಅವಕಾಶ ಎಷ್ಟು ರೂಪಾಯಿಗೆ ಸಿಗುತ್ತದೆ? ಆ ಸರಕು ಮಾರುಕಟ್ಟೆಯಲ್ಲೇ ಇಲ್ಲ. ಇಲ್ಲದ ಸರಕಿಗೆ ದರ ನಿಗದಿ ಮಾಡಿ ಏನು ಫಲ?

ಇದನ್ನು ಸಿನಿಮಾ ವಿಮರ್ಶಕನಾಗಿ ಬರೆಯುತ್ತಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಕಂದಾಯ ಇಲಾಖೆಯಲ್ಲಿ ಕಡತಗಳ ನಡುವೆ ಬದುಕಿದವನಾಗಿ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ನ್ಯಾಮತಿ ಸಮೀಪದ ಒಂದು ಹಳ್ಳಿಯಲ್ಲಿ. ಆಗ ಅದು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಚನ್ನಗಿರಿಯೂ ಶಿವಮೊಗ್ಗಕ್ಕೆ ಸೇರಿತ್ತು. ಜಗಳೂರು ಚಿತ್ರದುರ್ಗದ ಪಾಲಿಗಿತ್ತು. ಇವೆಲ್ಲ ದಾವಣಗೆರೆ ಜಿಲ್ಲೆಯಾಗಿ ಒಂದುಗೂಡಿದ್ದು 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ನನ್ನ ಬಾಲ್ಯಕ್ಕೆ ಇದ್ದದ್ದು ತಾಲ್ಲೂಕಿನ ಗಡಿಯಲ್ಲ, ಟೂರಿಂಗ್ ಟಾಕೀಸಿನ ಡೇರೆ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ಎಲ್ಲರಿಗೂ ಗೊತ್ತು. ನಮ್ಮ ಕಡೆಗೆ ಅದು ಗೀರುಬಿದ್ದ ಪ್ರತಿಯಾಗಿ ತಡವಾಗಿ ಬಂತು. ನೆಲದ ಟಿಕೆಟ್ ತೆಗೆದುಕೊಂಡು ಅಪ್ಪನ ಪಕ್ಕದಲ್ಲಿ ಕುಳಿತು ನೋಡಿದೆ. ಬಂಡೆ ಒಡೆದು ಬಂಜರು ಹಸನು ಮಾಡುವ ರಾಜ್‌ಕುಮಾರ್ ಅವರನ್ನು ನೋಡಿಬಂದ ಅಪ್ಪ, ರಾತ್ರಿ ನಡೆದು ಬರುವಾಗ ಹೆಚ್ಚು ಮಾತನಾಡಲಿಲ್ಲ. ಮರುವರ್ಷ ಸಾಲ ಮಾಡಿ ಬಾವಿ ತೆಗೆಸಿದರು. ನೀರು ಸಿಕ್ಕಿತು. ನನ್ನ ಓದಿನ ಖರ್ಚು ಆ ಬಾವಿಯಿಂದಲೇ ಬಂತು. ಹೂಡಿಕೆಯ ನಿರ್ಧಾರಗಳನ್ನು ಬಡ್ಡಿದರ ಮತ್ತು ನಿರೀಕ್ಷಿತ ಲಾಭಗಳು ರೂಪಿಸುತ್ತವೆ ಎಂದು ಮುಂದೆ ಎಂ.ಎ. ತರಗತಿಯಲ್ಲಿ ಕಲಿತಾಗ, ಒಂದು ಸಿನಿಮಾವೂ ರೂಪಿಸಬಲ್ಲದು ಎಂಬ ಮಾತನ್ನು ಯಾರೂ ಹೇಳಲಿಲ್ಲ.

ಅದೇ ಕಥೆಯ ಇನ್ನೊಂದು ಮಗ್ಗುಲು ನನಗೆ ಕಂಡದ್ದು ಜಗಳೂರಿನ ಕಡೆ. ಎಂಬತ್ತರ ದಶಕದ ಮಧ್ಯದ ಆ ಸಾಲುಸಾಲು ಬರದ ವರ್ಷಗಳಲ್ಲಿ, ಹೊಸದಾಗಿ ಸೇವೆಗೆ ಸೇರಿದ ನಾನು ಹಳ್ಳಿ ತಿರುಗುತ್ತಿದ್ದೆ. ಒಬ್ಬ ಹಿರಿಯ ರೈತ ತನ್ನ ಹೊಲದ ಮೂಲೆಯಲ್ಲಿದ್ದ ಒಣ ಬಾವಿಯನ್ನು ತೋರಿಸಿ, “ಆ ಸಿನಿಮಾ ನೋಡೇ ತೆಗೆಸಿದ್ದು ಸ್ವಾಮಿ. ರಾಜ್‌ಕುಮಾರ್‌ಗೆ ಬೆಳೆ ಬಂತು, ನನಗೆ ಕಲ್ಲು ಬಂತು” ಎಂದ. ಕೊಂಕಿರಲಿಲ್ಲ ಆ ಮಾತಿನಲ್ಲಿ; ರಾಜ್‌ಕುಮಾರ್ ಬಗ್ಗೆ ದೂರೂ ಇರಲಿಲ್ಲ. ಒಂದೇ ಚಿತ್ರ, ಒಂದೇ ಬಗೆಯ ಆಸೆ, ಒಂದೇ ಬಗೆಯ ದುಡಿಮೆ. ಕೆಳಗಿನ ನೆಲ ಮಾತ್ರ ಬೇರೆ. ಭದ್ರಾ ನಾಲೆಯ ನೀರು ಹರಿಯುವ, ಸೂಳೆಕೆರೆಯೆಂದು ಜನ ಕರೆಯುವ ಶಾಂತಿಸಾಗರವಿರುವ ಚನ್ನಗಿರಿಯಲ್ಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ‘ಬಂಗಾರದ ಮನುಷ್ಯ’ ನಂಬಬಹುದಾದ ಕಥೆ. ಜಗಳೂರಿಗೆ ಬೇರೆ ಸಿನಿಮಾ ಬೇಕಿತ್ತು.

ಆ ಸಿನಿಮಾ ಅಷ್ಟರಲ್ಲಾಗಲೇ ಬಂದಿತ್ತು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಎಂ.ಎಸ್. ಸತ್ಯು 1982ರಲ್ಲಿ ‘ಬರ’ವನ್ನು ನಿರ್ದೇಶಿಸಿದರು. ಅನಂತನಾಗ್ ಅದರಲ್ಲಿ ಜಿಲ್ಲಾಧಿಕಾರಿ. ಒಣಗಿ ನಿಂತಿರುವ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಬೇಕು ಎಂಬುದಷ್ಟೇ ಅವನ ಬೇಡಿಕೆ. ಆದರೆ ಘೋಷಣೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ರಾಜಧಾನಿಯ ಲೆಕ್ಕಾಚಾರದಲ್ಲಿ ಅದು ಸಿಲುಕಿಕೊಳ್ಳುತ್ತದೆ. ಹಿಂದಿನ ವರ್ಷವಷ್ಟೇ ಅಮರ್ತ್ಯ ಸೇನ್ ಅವರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪ್ರಕಟವಾಗಿತ್ತು. ಕ್ಷಾಮವೆಂದರೆ ಆಹಾರವೇ ಇಲ್ಲದಿರುವುದಲ್ಲ, ಇರುವ ಆಹಾರವನ್ನು ಪಡೆಯುವ ಹಕ್ಕನ್ನು ಜನ ಕಳೆದುಕೊಳ್ಳುವುದು ಎಂಬ ಅವರ ವಾದವನ್ನು ನಾವು ತರಗತಿಯಲ್ಲಿ ಚರ್ಚಿಸುತ್ತಿದ್ದೆವು. ಸೇನ್ ಅವರನ್ನು ಕೋಷ್ಟಕಗಳಲ್ಲಿ ಓದಿದ ನನಗೆ ಅದು ಅರ್ಥವಾದದ್ದು ಸತ್ಯು ಅವರ ಚಿತ್ರದಲ್ಲಿ. ಮಳೆ ಬಾರದಿರುವುದು ಪ್ರಕೃತಿಯ ಕೆಲಸ; ಅದು ಬರವೋ ಅಲ್ಲವೋ ಎಂದು ತೀರ್ಮಾನಿಸುವುದು ಸರ್ಕಾರದ ಕೆಲಸ.

ಈ ತೀರ್ಮಾನದಲ್ಲಿ ನನ್ನ ಪಾಲೂ ಇದೆ. ಆಗ ಬರವನ್ನು ಅಳೆಯುತ್ತಿದ್ದುದು ಆಣೆವಾರಿಯಿಂದ. ಬೆಳೆಯ ಅಂದಾಜು ಐವತ್ತು ಪೈಸೆಗಿಂತ ಕೆಳಗೆ ಬಂದರೆ ಬರ, ಮೇಲಿದ್ದರೆ ಇಲ್ಲ. ಒಂದು ವರ್ಷ ನಾನು ಕಳಿಸಿದ 42 ಪೈಸೆಯ ವರದಿ ‘ಪುನರ್ ಪರಿಶೀಲನೆ’ಗೆ ವಾಪಸು ಬಂತು. ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮೂರನೆಯ ದಿನ 52 ಎಂದು ತಿದ್ದಿ ಕಳಿಸಿದೆ. ಯಾವ ತಾಲ್ಲೂಕು, ಯಾರ ಸೂಚನೆ ಎಂಬುದು ಇಲ್ಲಿ ಬೇಡ; ಸಹಿ ನನ್ನದು, ಅಷ್ಟು ಸಾಕು. ಆ ಹತ್ತು ಪೈಸೆಯಲ್ಲಿ ಎಷ್ಟು ಮನೆಗಳ ಸಾಲ ವಸೂಲಿ ಮುಂದೂಡಿಕೆ, ಎಷ್ಟು ಜನರ ಕೂಲಿ, ಎಷ್ಟು ದನಗಳ ಮೇವು ಕೊಚ್ಚಿಹೋಯಿತೆಂದು ನಾನು ಲೆಕ್ಕ ಹಾಕಲಿಲ್ಲ. ‘ಬರ’ದ ಜಿಲ್ಲಾಧಿಕಾರಿ ವ್ಯವಸ್ಥೆಯೊಂದಿಗೆ ಹೆಣಗುತ್ತಾನೆ. ನಾನು ಹೆಣಗಲೂ ಇಲ್ಲ. ಸಿನಿಮಾ ನೋಡಿ ಮೆಚ್ಚಿ ಬಂದವನು ಕೂಡ ಐದು ವರ್ಷದೊಳಗೆ ಅದರ ಇನ್ನೊಂದು ಪಾತ್ರವಾಗಬಲ್ಲ ಎಂಬುದನ್ನು ತಿಳಿಯಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಚಿತ್ರ ಇದಕ್ಕಿಂತ ಹತ್ತಿರ ಬಂದು ಕುಟುಕಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ತಬರನ ಕಥೆ’ 1986ರ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆಯಿತು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನಿವೃತ್ತ ಸರ್ಕಾರಿ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಾಲಿನ ಗಾಯ ಉಲ್ಬಣಿಸಿ ಹೆಂಡತಿ ಸಾಯುತ್ತಾಳೆ. ಇದನ್ನು ನಾನು ನೋಡಿದ್ದು ದೂರದರ್ಶನದಲ್ಲಿ, ಪ್ರಾದೇಶಿಕ ಭಾಷಾ ಚಿತ್ರ ಪ್ರಸಾರವಾಗುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ. ಆ ಚಿತ್ರದಲ್ಲಿ ಖಳನಾಯಕನೆಂಬವನಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ಯಾವುದೋ ನಿಯಮವನ್ನು ಪಾಲಿಸುತ್ತಿರುತ್ತಾನೆ. ಸೋಮವಾರ ಕಚೇರಿಗೆ ಹೋದಾಗ, ತಿಂಗಳುಗಳಿಂದ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದ ಒಬ್ಬ ನಿವೃತ್ತ ಜವಾನನನ್ನು ಒಳಗೆ ಕರೆದು ಅವನ ಕಡತ ತರಿಸಿದೆ. ಬಾಕಿಯಿದ್ದದ್ದು ಒಂದು ಸೇವಾ ದೃಢೀಕರಣದ ಹಾಳೆ. ಅರ್ಧ ದಿನದ ಕೆಲಸ. ಅಷ್ಟು ದಿನ ಅವನನ್ನು ದಾಟಿಕೊಂಡೇ ನಾನು ಒಳಗೆ ಹೋಗುತ್ತಿದ್ದೆ.

ಇಲ್ಲಿ ಕಲೆ ಮಾಡಿದ ಕೆಲಸ ಯಾವುದು? ಕಡತದಲ್ಲಿ ದಿನಾಂಕಗಳಿರುತ್ತವೆ, ಕಾಲ ಇರುವುದಿಲ್ಲ. ‘ಮಂಡಿಸಿದೆ’, ‘ಪರಿಶೀಲಿಸಿ ಮರುಮಂಡಿಸಿ’ ಎಂಬ ಎರಡು ಟಿಪ್ಪಣಿಗಳ ನಡುವೆ ನಾಲ್ಕು ತಿಂಗಳು ಕಳೆದಿದ್ದರೂ ಕಾಗದದ ಮೇಲೆ ಅವು ಒಂದರ ಕೆಳಗೊಂದು ಅಂಟಿಕೊಂಡೇ ಇರುತ್ತವೆ. ಕಾಸರವಳ್ಳಿಯವರ ಕ್ಯಾಮೆರಾ ಆತುರಪಡದೆ ತಬರನೊಂದಿಗೆ ಕಾಯುತ್ತದೆ, ನಮ್ಮನ್ನೂ ಕಾಯಿಸುತ್ತದೆ. ಕಡತ ಅಡಗಿಸಿಟ್ಟ ಕಾಲವನ್ನು ಅದು ತೆರೆದು ತೋರಿಸುತ್ತದೆ. ಇಂಥ ಚಿತ್ರಗಳು ‘ನಿಧಾನ’ ಎಂಬ ದೂರು ಹಳೆಯದು. ಬಡವನೊಬ್ಬ ಸರ್ಕಾರಿ ಕಚೇರಿಯಲ್ಲಿ ಕಳೆಯುವ ಕಾಲ ಅಷ್ಟೇ ನಿಧಾನವಾದದ್ದು.

ಇಂಥ ಸಾಕ್ಷಿಗಳನ್ನು ಪ್ರಭುತ್ವ ಹೇಗೆ ನಡೆಸಿಕೊಂಡಿದೆ? ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಬಿಡುಗಡೆಗೆ ಅನುಮತಿ ಸಿಕ್ಕ ಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಪಡೆಯಿತು. ಅದರಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾಗಿ, ಬೆಂಗಳೂರಿನ ಕಾರಾಗೃಹದಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ಲೋಹಿಯಾ ಬಳಗದ ಪಟೇಲರೂ ಆಗ ಸೆರೆಯಲ್ಲಿದ್ದರು. ಸರ್ಕಾರ ಸಿನಿಮಾವನ್ನು ಎದುರಿಸುವ ಮೂರು ಬಗೆಗಳಲ್ಲಿ ನಿಷೇಧ ಮತ್ತು ಪ್ರಶಸ್ತಿ ಎರಡೂ ‘ಸಂಸ್ಕಾರ’ಕ್ಕೆ ಸಿಕ್ಕವು. ಮೂರನೆಯದು ಮರೆವು. ನಿಷೇಧಿಸಿದರೆ ಜನ ಕುತೂಹಲದಿಂದ ಹುಡುಕಿಕೊಂಡು ಹೋಗುತ್ತಾರೆ. ಪ್ರಶಸ್ತಿ ಕೊಟ್ಟು ಕಪಾಟಿನಲ್ಲಿಟ್ಟರೆ ಯಾರೂ ಕೇಳುವುದಿಲ್ಲ.

ಬರದ ಅಳತೆಗೋಲು ಈಗ ಬದಲಾಗಿದೆ ನಿಜ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆ, ಶುಷ್ಕ ಅವಧಿ, ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹದಿಂದ ಅಳೆಯುವ ಹಸಿರಿನ ಸೂಚ್ಯಂಕ ಮುಂತಾದವನ್ನು ಆಧಾರವಾಗಿಟ್ಟುಕೊಂಡಿದೆ. ಆಯ್ದ ಹಳ್ಳಿಗಳಲ್ಲಿ ಕ್ಷೇತ್ರ ಪರಿಶೀಲನೆಯನ್ನೂ ಕಡ್ಡಾಯ ಮಾಡಿದೆ. ನನ್ನಂಥವನೊಬ್ಬ ಲೇಖನಿಯಿಂದ ಹತ್ತು ಪೈಸೆ ಏರಿಸುವುದು ಈಗ ಸುಲಭವಲ್ಲ. ಆದರೂ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ಮೇಲೆ ನಡೆದದ್ದೇನು? ರಾಜ್ಯ ಸುಮಾರು 18,171 ಕೋಟಿ ರೂಪಾಯಿ ಕೇಳಿತು. ಹಣಕ್ಕಾಗಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಯಾರ ವಾದ ಸರಿ ಎಂಬ ಚರ್ಚೆ ಇಲ್ಲಿ ಬೇಡ. ಆ ಬೇಸಿಗೆಯಲ್ಲಿ ಚನ್ನಗಿರಿಯ ಅಡಿಕೆ ಬೆಳೆಗಾರರು ಟ್ಯಾಂಕರ್ ನೀರು ತಂದು ತೋಟ ಉಳಿಸಿಕೊಳ್ಳಲು ಪರದಾಡಿದರು. ನಾಲೆಯ ಸೀಮೆಗೂ ಜಗಳೂರಿನ ಬಿಸಿ ತಟ್ಟಿತು. ಜಗಳೂರಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಯಾವಾಗ ಬರುತ್ತದೆ ಎಂಬುದೇ ಮುಂದೆ ರಾಜಕೀಯದ ಇನ್ನೊಂದು ಅಧ್ಯಾಯವಾಯಿತು. ‘ಬರ’ ನೋಡಿದವರಿಗೆ ಇದರಲ್ಲಿ ಯಾವುದೂ ಹೊಸತೆನಿಸದು. ನೋಡದವರಿಗೆ ಪ್ರತಿ ಬರವೂ ಹೊಸ ಬರವೇ.

ಆದ್ದರಿಂದ ನನ್ನ ಸಲಹೆ ಸರಳವಾದುದು. ಸರ್ಕಾರ ಪ್ರತಿವರ್ಷ ಕನ್ನಡ ಚಿತ್ರಗಳ ನಿರ್ಮಾಣಕ್ಕೆ ಸಹಾಯಧನ ನೀಡುತ್ತದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಪೂರೈಕೆಗೆ ನೀರೆರೆದು ವಿತರಣೆಯನ್ನು ಒಣಗಲು ಬಿಟ್ಟಿದ್ದೇವೆ, ನಾಲೆಯಿಲ್ಲದ ಅಣೆಕಟ್ಟಿನಂತೆ. ಪುಸ್ತಕಗಳ ವಿಷಯದಲ್ಲಿ ನಾವು ಈ ತಪ್ಪು ಮಾಡಲಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಸರ್ಕಾರ ಪುಸ್ತಕಗಳನ್ನು ಸಗಟಾಗಿ ಕೊಂಡು ತಾಲ್ಲೂಕು ಗ್ರಂಥಾಲಯಗಳಿಗೂ ತಲುಪಿಸುತ್ತದೆ. ಕುವೆಂಪು, ಕಾರಂತರ ಕಾದಂಬರಿ ಈ ವರ್ಷ ಎಷ್ಟು ಲಾಭ ತಂದಿತೆಂದು ಯಾರೂ ಕೇಳುವುದಿಲ್ಲ. ಅದೇ ರೀತಿ ಕನ್ನಡದ ಐವತ್ತು ಚಿತ್ರಗಳ ವಾಣಿಜ್ಯೇತರ ಪ್ರದರ್ಶನದ ಹಕ್ಕನ್ನು ಕೊಂಡು, ಡಿಜಿಟಲ್ ಪ್ರತಿ ಮಾಡಿಸಿ, ಪ್ರತಿ ತಾಲ್ಲೂಕಿನ ಗ್ರಂಥಾಲಯ ಅಥವಾ ಸರ್ಕಾರಿ ಕಾಲೇಜಿನಲ್ಲಿ ತಿಂಗಳಿಗೊಂದು ತೋರಿಸಲು ದೊಡ್ಡ ಮೊತ್ತವೇನೂ ಬೇಕಾಗದು.

ಹಳ್ಳಿಯವರು ಇಂಥ ಚಿತ್ರ ನೋಡುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ಉತ್ತರವನ್ನು ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ಕೊಟ್ಟಿದ್ದಾರೆ. ಅವಿಭಜಿತ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಅವರ ನೀನಾಸಂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತು. ಜನ ಕುಳಿತು ನೋಡಿದರು, ಚರ್ಚಿಸಿದರು. ಪ್ರತಿಗಳೇ ಹಾಳಾಗಿವೆ ಎಂಬ ಇನ್ನೊಂದು ಮಾತೂ ಇದೆ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ವಿದೇಶಿ ಸಂಸ್ಥೆಗಳ ಸಹಯೋಗದಲ್ಲಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿತು. ಮನಸ್ಸು ಮಾಡಿದರೆ ಆಗುತ್ತದೆ. ವೆನಿಸ್‌ಗೆ ತಲುಪಿದ್ದು ಹೊನ್ನಾಳಿಗೂ ತಲುಪಬೇಕು, ಅಷ್ಟೇ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಬರುವ ಹೊಸ ಅಧಿಕಾರಿಗಳಿಗೆ ಕಂದಾಯ ಕಾಯ್ದೆಯ ಜೊತೆಗೆ ‘ಬರ’ವನ್ನೂ ‘ತಬರನ ಕಥೆ’ಯನ್ನೂ ಪಠ್ಯದಂತೆ ತೋರಿಸಬೇಕು ಎಂಬುದು ನನ್ನ ಇನ್ನೊಂದು ಕೋರಿಕೆ. ಅವುಗಳಿಂದ ಒಳ್ಳೆಯ ಅಧಿಕಾರಿಗಳು ತಯಾರಾಗುತ್ತಾರೆಂಬ ಭ್ರಮೆ ನನಗಿಲ್ಲ. ನನ್ನ ಉದಾಹರಣೆಯನ್ನು ಮೇಲೆಯೇ ಹೇಳಿದ್ದೇನೆ. ತಿದ್ದುವಾಗ ಕೈ ಒಂದಿಷ್ಟು ಹೆಚ್ಚು ಹೊತ್ತು ತಡೆದರೂ ಅದು ಲಾಭವೇ.

ನಾನು 42ನ್ನು 52 ಮಾಡಿದ ಆ ಕಡತವನ್ನು, ನಿಯಮದಂತೆ ಅವಧಿ ಮುಗಿದ ಮೇಲೆ, ಎಂದೋ ನಾಶಪಡಿಸಿರುತ್ತಾರೆ. ಇಂದು ಯಾರಾದರೂ ಮಾಹಿತಿ ಹಕ್ಕಿನಡಿ ಕೇಳಿದರೂ ಅದು ಸಿಗಲಾರದು. ಒಣ ಬಾವಿ ತೋರಿಸಿದ ಆ ಹಿರಿಯರೂ ಈಗ ಇರಲಾರರು. ಅವರ ಮೊಮ್ಮಕ್ಕಳು ಜಗಳೂರಿನಲ್ಲಿದ್ದರೆ, ತಮ್ಮ ಅಜ್ಜನ ಕಾಲದಲ್ಲಿ ಏನು ನಡೆಯಿತೆಂದು ಅವರಿಗೆ ಹೇಳಬಲ್ಲ ಸರ್ಕಾರಿ ದಾಖಲೆ ಯಾವುದೂ ಇಲ್ಲ. ಒಂದು ಸಿನಿಮಾ ಇದೆ. ಅದನ್ನಾದರೂ ಅವರಿಗೆ ತೋರಿಸೋಣ.