ಮೊಜಾಂಬಿಕದ ಅನಿಲ ಸಂಪತ್ತು

ಹಿಂದೂ ಮಹಾಸಾಗರದ ಆಚೆಯ ದಡದಲ್ಲಿರುವ ಮೊಜಾಂಬಿಕ ದೇಶವು ೧೯೭೫ರಲ್ಲಿ ಪೋರ್ತುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಅದರ ಬೆನ್ನಲ್ಲೇ ಹೊತ್ತಿಕೊಂಡ ಅಂತಃಕಲಹವು ೧೯೯೨ರವರೆಗೂ ಆರಲಿಲ್ಲ. ಇಂದಿಗೂ ಆ ರಾಷ್ಟ್ರವು ಜಗತ್ತಿನ ಕಡು ಬಡ ರಾಷ್ಟ್ರಗಳ ಪಂಕ್ತಿಯಲ್ಲಿಯೇ ಇದೆ. ಇಂಥ ದೇಶದ ಉತ್ತರದ ತುದಿಯಲ್ಲಿ, ರೊವುಮಾ ನದೀಮುಖದ ಸಮೀಪದ ಕಡಲತಳದಲ್ಲಿ, ೨೦೧೦ರಿಂದೀಚೆಗೆ ಸುಮಾರು ೧೦೦ ಲಕ್ಷ ಕೋಟಿ ಘನ ಅಡಿಗಳಷ್ಟು ನೈಸರ್ಗಿಕ ಅನಿಲವಿರುವುದು ಗೊತ್ತಾಗಿದೆ. ಇದನ್ನು ಪರದೇಶಗಳಿಗೆ ಮಾರಬೇಕೆ, ಬೇಡವೆ? ಮಾರಬೇಕೆಂಬುದೇ ನಮ್ಮ ಸ್ಪಷ್ಟವಾದ ಅಭಿಪ್ರಾಯ. ಆದರೆ ಹೇಗೆ ಮಾರಬೇಕೆಂಬ ಎರಡನೆಯ ಪ್ರಶ್ನೆಯಲ್ಲಿಯೇ ಆ ಜನರ ಹಣೆಬರಹವೆಲ್ಲ ಅಡಗಿದೆ.

ಈ ವಿಷಯದಲ್ಲಿ ನಾವು ಕೇವಲ ಪ್ರೇಕ್ಷಕರಲ್ಲ. ಭಾರತವು ಬಳಸುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಗಿನಿಂದ ಬರತಕ್ಕದ್ದು. ೨೦೨೧ರ ಜನವರಿಯಲ್ಲಿ ಆರಂಭವಾದ ೪೫೦ ಕಿಲೋಮೀಟರು ಉದ್ದದ ಕೊಳವೆಮಾರ್ಗವು ಕೊಚ್ಚಿಯಿಂದ ಮಂಗಳೂರಿಗೆ ತರುತ್ತಿರುವುದು ಹಡಗಿನಲ್ಲಿ ಬಂದಿಳಿದ ವಿದೇಶೀ ಅನಿಲವನ್ನೇ. ಅಷ್ಟೇ ಅಲ್ಲ. ರೊವುಮಾದ ಒಂದನೆಯ ಕ್ಷೇತ್ರದಲ್ಲಿ ಓಎನ್‌ಜಿಸಿ ವಿದೇಶ್, ಆಯಿಲ್ ಇಂಡಿಯಾ ಮತ್ತು ಭಾರತ್ ಪೆಟ್ರೋಲಿಯಂ ಬಳಗದ ಸಂಸ್ಥೆಗಳಿಗೆ ಒಟ್ಟು ನೂರಕ್ಕೆ ೩೦ರ ಪಾಲಿದೆ. ಆ ದೇಶದ ಸ್ವಂತ ಸಂಸ್ಥೆಗಿರುವ ಪಾಲಾದರೋ ನೂರಕ್ಕೆ ೧೫ ಮಾತ್ರ. ಆದುದರಿಂದ ಅಲ್ಲಿ ನಡೆಯುವ ನ್ಯಾಯಾನ್ಯಾಯಗಳಲ್ಲಿ ಭಾರತೀಯರಾದ ನಾವು ಭಾಗಿಗಳೇ ಸರಿ.

ಒಂದು ಬಡರಾಷ್ಟ್ರದ ಭೂಗರ್ಭದ ಸಂಪತ್ತು ಹಡಗೇರಿ ಹೋಗುವುದನ್ನು ಕಂಡರೆ ದೇಶಾಭಿಮಾನಿಯ ಮನಸ್ಸು ಕಲಕುವುದು ಸಹಜ. ದಾದಾಭಾಯಿ ನೌರೋಜಿಯವರಿಂದ ಸಂಪತ್ತಿನ ಸೋರಿಕೆಯ ಪಾಠವನ್ನು ಕಲಿತ ನಮಗಂತೂ ಆ ಕಳವಳವು ಹೊಸದಲ್ಲ. ಆದರೆ ಕಳವಳವು ವಿವೇಕಕ್ಕೆ ಬದಲಾಗದು. ಕಡಲಿನ ಆಳದಿಂದ ಅನಿಲವನ್ನೆತ್ತಿ, ಸೊನ್ನೆಗಿಂತ ೧೬೨ ಡಿಗ್ರಿಗಳಷ್ಟು ಕೆಳಕ್ಕೆ ತಣಿಸಿ, ಗಾತ್ರದಲ್ಲಿ ೬೦೦ರಲ್ಲೊಂದು ಭಾಗದ ದ್ರವವನ್ನಾಗಿ ಮಾಡಿ ಹಡಗಿಗೆ ತುಂಬುವ ಕಾರ್ಯವು ಅಪಾರ ಬಂಡವಾಳವನ್ನು ಬೇಡುತ್ತದೆ. ಒಂದನೆಯ ಕ್ಷೇತ್ರದ ಯೋಜನೆಯೊಂದಕ್ಕೇ ೨೦೧೯ರಲ್ಲಿ ಕಟ್ಟಿದ ಅಂದಾಜು ೨,೦೦೦ ಕೋಟಿ ಡಾಲರು. ದೀರ್ಘಕಾಲ ಕೊಳ್ಳುವೆವೆಂದು ಕರಾರು ಬರೆದುಕೊಡುವ ಗಿರಾಕಿಗಳಿಲ್ಲದೆ ಇಷ್ಟು ಸಾಲವನ್ನು ಯಾವ ಸಾಹುಕಾರನೂ ಕೊಡನು. ಮೊಜಾಂಬಿಕದ ಸ್ವಂತ ಪೇಟೆಯು ಈ ಹೊರೆಯನ್ನು ಹೊರಲಾರದಷ್ಟು ಸಣ್ಣದು. ರಫ್ತು ಬೇಡವೆಂದರೆ ಅನಿಲವು ದೇಶಕ್ಕೆ ಉಳಿಯುವುದಿಲ್ಲ, ಕಡಲಡಿಯಲ್ಲಿಯೇ ಉಳಿಯುತ್ತದೆ.

ಕಾಲವೂ ಕಾಯುವುದಿಲ್ಲ. ಕತಾರ ದೇಶವು ತನ್ನ ವಾರ್ಷಿಕ ಉತ್ಪತ್ತಿಯ ಶಕ್ತಿಯನ್ನು ೭೭೦ ಲಕ್ಷ ಟನ್ನುಗಳಿಂದ ೧,೪೨೦ ಲಕ್ಷ ಟನ್ನುಗಳಿಗೆ ಏರಿಸುವ ಉದ್ದೇಶವನ್ನು ಸಾರಿದೆ. ಮಾಲು ಹೆಚ್ಚಿದರೆ ಬೆಲೆ ಇಳಿಯುವುದು ವರ್ತಕರೆಲ್ಲ ಬಲ್ಲ ಮಾತು. ಇತ್ತ, ಉರಿಸಿದಾಗ ಕಲ್ಲಿದ್ದಲಿಗಿಂತ ಅನಿಲವು ಸುಮಾರು ಅರ್ಧದಷ್ಟೇ ಇಂಗಾಲಾಮ್ಲವನ್ನು ಬಿಡುವುದೆಂಬ ಕಾರಣಕ್ಕೆ ಇಂದು ಅದಕ್ಕೆ ಮನ್ನಣೆಯಿದೆ. ಬಿಸಿಲಿನ ಮತ್ತು ಗಾಳಿಯ ವಿದ್ಯುತ್ತು ಅಗ್ಗವಾಗುತ್ತ ಬಂದಂತೆ ಈ ಮನ್ನಣೆ ಎಷ್ಟು ಕಾಲ ನಿಂತೀತು?

ರಫ್ತಿನ ಉದ್ಯಮವು ಒಳನಾಡಿಗೆ ಬೆಳಕು ತರಬಲ್ಲುದೆಂಬುದಕ್ಕೆ ನಮ್ಮ ಮೈಸೂರು ಸೀಮೆಯೇ ಸಾಕ್ಷಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಗಣಿಯೆಂಬ ನೆಚ್ಚಿನ ಗಿರಾಕಿ ಇದ್ದುದರಿಂದಲೇ ಆ ಸಾಹಸ ಸಾಧ್ಯವಾಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳೂ ಬೆಳಗಿದುವು. ಆದರೆ ಅದೇ ಗಣಿಗಳು ೨೦೦೧ರಲ್ಲಿ ಮುಚ್ಚಿದ ಮೇಲೆ ಅಲ್ಲಿ ಉಳಿದುದು ಸಯನೈಡು ಬೆರೆತ ಮಣ್ಣಿನ ಗುಡ್ಡಗಳು, ಕೆಲಸವಿಲ್ಲದ ಕುಟುಂಬಗಳು. ಈ ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡತಕ್ಕದ್ದು.

ಮೊಜಾಂಬಿಕದ ಈವರೆಗಿನ ಅನುಭವವು ಎಚ್ಚರಿಕೆಯಿಂದ ತುಂಬಿದೆ. ಅದರ ದಕ್ಷಿಣದ ಪಾಂಡೆ ಮತ್ತು ತೆಮಾನೆ ಕ್ಷೇತ್ರಗಳ ಅನಿಲವು ೨೦೦೪ರಿಂದ ೮೬೫ ಕಿಲೋಮೀಟರು ಉದ್ದದ ಕೊಳವೆಯಲ್ಲಿ ದಕ್ಷಿಣ ಆಫ್ರಿಕಕ್ಕೆ ಹರಿಯಿತು. ಅದರಿಂದ ಬೆಳೆದ ಕಾರ್ಖಾನೆಗಳು ಬಹುಪಾಲು ಕೊಳವೆಯ ಆ ತುದಿಯಲ್ಲಿ. ಮುಂದೆ ೨೦೧೩ ಮತ್ತು ೨೦೧೪ರಲ್ಲಿ, ಅನಿಲದ ಕಾಸೊಂದೂ ಬರುವ ಮುನ್ನವೇ, ಪ್ರಜಾಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ೨೦೦ ಕೋಟಿ ಡಾಲರುಗಳಿಗೂ ಮಿಕ್ಕಿದ ಸಾಲವನ್ನು ಎತ್ತಲಾಯಿತು. ೨೦೧೬ರಲ್ಲಿ ಗುಟ್ಟು ಬಯಲಾದಾಗ ಅಂತಾರಾಷ್ಟ್ರೀಯ ಹಣಕಾಸು ನಿಧಿಯು ನೆರವನ್ನು ತಡೆಯಿತು. ಶಿಕ್ಷೆ ಉಂಡವರು ಆ ಸಾಲದ ಹೆಸರನ್ನೂ ಕೇಳದ ಬಡವರು. ಅನಿಲ ಸಿಕ್ಕ ಕಾಬೊ ಡೆಲ್ಗಾಡೊ ಪ್ರಾಂತವಾದರೋ ರಾಜಧಾನಿಯಿಂದ ಅತಿ ದೂರದ್ದು. ಅಲ್ಲಿ ೨೦೧೭ರ ಅಕ್ಟೋಬರಿನಿಂದ ಸಶಸ್ತ್ರ ಬಂಡಾಯ ನಡೆದಿದೆ. ಲಕ್ಷಾಂತರ ಜನರು ಮನೆಮಠ ಬಿಟ್ಟು ಓಡಿದ್ದಾರೆ. ೨೦೨೧ರ ಮಾರ್ಚಿಯಲ್ಲಿ ಪಾಲ್ಮಾ ಪಟ್ಟಣದ ಮೇಲೆ ದಾಳಿಯಾದ ಬಳಿಕ ಒಂದನೆಯ ಕ್ಷೇತ್ರದ ಕೆಲಸ ನಿಂತುಹೋಯಿತು. ಆ ತಡೆಯನ್ನು ತೆಗೆದುದು ೨೦೨೫ರ ನವೆಂಬರಿನಲ್ಲಿ. ದಡದಿಂದ ದೂರ ತೇಲುವ ಕೋರಲ್ ಸುಲ್ ಸ್ಥಾವರ ಮಾತ್ರ ೨೦೨೨ರ ನವೆಂಬರಿನಲ್ಲಿ ತನ್ನ ಮೊದಲ ಹಡಗನ್ನು ಕಳುಹಿಸಿತು. ನೆಲದ ಜನರಿಂದ ದೂರವಿದ್ದಷ್ಟೂ ಉದ್ಯಮ ಸುರಕ್ಷಿತವೆಂಬ ಸ್ಥಿತಿಯು ಯಾವ ರಾಷ್ಟ್ರಕ್ಕೂ ಗೌರವದ್ದಲ್ಲ.

ಆದಕಾರಣ ಮಾರಾಟವು ಕೆಲವು ನಿಬಂಧನೆಗಳಿಗೆ ಒಳಪಟ್ಟಿರಬೇಕು. ಮೊದಲನೆಯದಾಗಿ, ಬರಲಿರುವ ಹಣದ ಮೇಲೆ ಮುಂಗಡವಾಗಿ ಸಾಲ ಮಾಡುವ ಚಾಳಿ ನಿಲ್ಲಬೇಕು. ಎರಡನೆಯದಾಗಿ, ಅನಿಲದ ಒಂದು ಪಾಲು ವಿದ್ಯುತ್ತಿಗೂ ಗೊಬ್ಬರಕ್ಕೂ ಒಳನಾಡಿನಲ್ಲಿಯೇ ಬಳಕೆಯಾಗಬೇಕು. ಮೂರನೆಯದಾಗಿ, ಭೂಮಿ ಮತ್ತು ಮೀನುಗಾರಿಕೆಯನ್ನು ಕಳೆದುಕೊಂಡ ಕರಾವಳಿಯವರಿಗೆ ಕೆಲಸದಲ್ಲಿಯೂ ಆದಾಯದಲ್ಲಿಯೂ ಹಕ್ಕು ಇರಬೇಕು. ನಾಲ್ಕನೆಯದಾಗಿ, ಬಂದ ಹಣವೆಲ್ಲ ಒಮ್ಮೆಲೇ ಖರ್ಚಾಗಕೂಡದು. ೧೯೫೯ರಲ್ಲಿ ಗ್ರೊನಿಂಗನ್ನಿನ ಅನಿಲ ಸಿಕ್ಕ ಮೇಲೆ ಹಾಲೆಂಡಿನ ನಾಣ್ಯದ ಬೆಲೆ ಏರಿ ಇತರ ಕೈಗಾರಿಕೆಗಳು ಸೊರಗಿದುವು; ಆ ರೋಗಕ್ಕೆ ಅರ್ಥಶಾಸ್ತ್ರಜ್ಞರು ಆ ದೇಶದ ಹೆಸರನ್ನೇ ಇಟ್ಟರು. ನಾರ್ವೆಯಾದರೋ ೧೯೯೦ರಲ್ಲಿ ಕಾಯಿದೆ ಮಾಡಿ ನಿಧಿ ಕಟ್ಟಿ ಮುಂದಿನ ಪೀಳಿಗೆಗೆಂದು ಕೂಡಿಟ್ಟಿತು. ಮೊಜಾಂಬಿಕದ ಶಾಸನಸಭೆಯೂ ೨೦೨೩ರ ಡಿಸೆಂಬರಿನಲ್ಲಿ ಅಂಥ ನಿಧಿಯನ್ನು ಒಪ್ಪಿ, ಮೊದಲ ೧೫ ವರ್ಷ ಆದಾಯದಲ್ಲಿ ನೂರಕ್ಕೆ ೪೦ನ್ನು ಅದರಲ್ಲಿಡಬೇಕೆಂದು ವಿಧಿಸಿರುವುದು ಶ್ಲಾಘ್ಯ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಲೆಕ್ಕವು ಪ್ರಜೆಗಳ ಕಣ್ಣಿಗೆ ಬೀಳಬೇಕು.

ಕೊಳ್ಳುವವರು ಮಾರುವವರಿಗೆ ಬುದ್ಧಿ ಹೇಳಿದರೆ ಅದರಲ್ಲಿ ಸ್ವಾರ್ಥವಿದೆಯೆಂದು ಯಾರಾದರೂ ಶಂಕಿಸಿಯಾರು. ಅಗ್ಗದ ಅನಿಲ ನಮಗೆ ಬೇಕೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅಸಂತುಷ್ಟ ನೆಲದಿಂದ ಬರುವ ಸರಕನ್ನು ನೆಚ್ಚಲಾಗದೆಂಬುದನ್ನು ಕೆಲಸ ನಿಂತ ಆ ನಾಲ್ಕೂವರೆ ವರ್ಷಗಳು ಕಲಿಸಿವೆ. ವ್ಯಾಪಾರಕ್ಕೆಂದು ಬಂದ ಕಂಪನಿಯೊಂದು ಒಂದು ದೇಶವನ್ನು ಯಾವ ಗತಿಗೆ ತರಬಲ್ಲುದೆಂಬುದನ್ನು ಭಾರತೀಯರಿಗೆ ಯಾರೂ ಬೋಧಿಸಬೇಕಾಗಿಲ್ಲ. ನಮ್ಮ ಹಣ ತೊಡಗಿರುವಲ್ಲಿ ಆ ಚರಿತ್ರೆಯು ಇನ್ನೊಂದು ಜನಾಂಗದ ಪಾಲಿಗೆ ಮರುಕಳಿಸದಂತೆ ನೋಡಿಕೊಳ್ಳುವುದು ದೆಹಲಿಯ ಸರಕಾರದ ಕರ್ತವ್ಯ. ಆ ಬಗ್ಗೆ ಕೇಳುವುದು ಪ್ರಜೆಗಳಾದ ನಮ್ಮ ಹಕ್ಕು.